ತೇದಿಯಿಲ್ಲದ ದುರ್ಬೀನುಗಳು: ಹಳೆಯ ಜರ್ಮನ್ ಉಪಕರಣಗಳ ಗುರುತು ಮತ್ತು ಕಾಲನಿರ್ಣಯ

ಜರ್ಮನಿಯ ಕಾರ್ಖಾನೆಗಳು ತಮ್ಮ ದುರ್ಬೀನುಗಳ ಮೇಲೆ ತಯಾರಕರ ಹೆಸರು, ಊರು, ಕ್ರಮಸಂಖ್ಯೆಗಳನ್ನು ಶ್ರದ್ಧೆಯಿಂದ ಕೆತ್ತಿದವು. ಆದರೆ ತಯಾರಾದ ವರ್ಷವನ್ನು ಕೆತ್ತುವ ರೂಢಿ ಅವುಗಳಲ್ಲಿ ಸಾಮಾನ್ಯವಾಗಿರಲಿಲ್ಲ. ಆದ್ದರಿಂದ ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿಯ ಮಾಟ, ಅರಸನ ಬಿರುದು, ಉಲ್ಲೇಖಗೊಂಡ ಊರುಗಳ ಹೆಸರು ಇವೆಲ್ಲವನ್ನೂ ಒಂದರೊಡನೊಂದು ತಾಳೆ ನೋಡಿ ನಿರ್ಧರಿಸುವಂತೆಯೇ, ಹಳೆಯ ಜರ್ಮನ್ ದುರ್ಬೀನಿನ ಕಾಲವನ್ನೂ ಹಲವು ಸಾಕ್ಷ್ಯಗಳಿಂದ ಕಟ್ಟಿಕೊಳ್ಳಬೇಕಾಗುತ್ತದೆ. ಕೆತ್ತನೆಯ ಅಕ್ಷರಗಳು ಈ ಸಾಕ್ಷ್ಯಗಳಲ್ಲಿ ಮೊದಲು ಕಣ್ಣಿಗೆ ಬೀಳುವಂಥವು, ಆದರೆ ಅತ್ಯಂತ ನಂಬಲರ್ಹವಾದವು ಅಲ್ಲ. ಪೇಟೆಂಟು, ಯುದ್ಧ, ದೇಶವಿಭಜನೆ, ನ್ಯಾಯಾಲಯದ ವ್ಯಾಜ್ಯ ಇವು ಉಪಕರಣದ ಮೈಕಟ್ಟಿನ ಮೇಲೆ ಬಿಟ್ಟ ಗುರುತುಗಳು ಅಕ್ಷರಕ್ಕಿಂತ ಹೆಚ್ಚು ನಿಖರವಾಗಿ ಕಾಲವನ್ನು ಹೇಳುತ್ತವೆ.

ದುರ್ಬೀನಿನ ಇತಿಹಾಸದಲ್ಲಿ 1894 ಒಂದು ಗಡಿರೇಖೆ. ಅದಕ್ಕೂ ಮೊದಲಿನ ಜೋಡಿಗೊಳವೆಗಳು ಗೆಲಿಲಿಯೊ ವಿಧಾನದವು, ಅಂದರೆ ಮುಂದೆ ಉಬ್ಬು ಮಸೂರ, ಕಣ್ಣಿನ ಬಳಿ ತಗ್ಗು ಮಸೂರ ಇರುವ ನೇರ ಕೊಳವೆಗಳು. ಯೋಹಾನ್ ಫ್ರೀಡ್ರಿಖ್ ಫೋಗ್ಟ್‌ಲೆಂಡರ್ 1823ರಲ್ಲಿ ವಿಯೆನ್ನಾದಲ್ಲಿ ರೂಪಿಸಿದ ನಾಟಕಶಾಲೆಯ ಜೋಡಿ ದುರ್ಬೀನು ಈ ವಂಶದ್ದೇ. ಇಂಥವುಗಳಲ್ಲಿ ವಸ್ತು ನೆಟ್ಟಗೆ ಕಾಣುತ್ತದೆ, ಆದರೆ ವರ್ಧನೆ ಮೂರು ನಾಲ್ಕು ಪಟ್ಟು ದಾಟಿದರೆ ನೋಟದ ಹರವು ತೀರ ಕಿರಿದಾಗಿಬಿಡುತ್ತದೆ. ಎರಡೂ ಮಸೂರಗಳು ಉಬ್ಬಾಗಿರುವ ಕೆಪ್ಲರ್ ವಿಧಾನದಲ್ಲಿ ಹರವು ದೊಡ್ಡದು, ಆದರೆ ಬಿಂಬ ತಲೆಕೆಳಗಾಗಿ ಮೂಡುತ್ತದೆ. ಆ ಬಿಂಬವನ್ನು ಎರಡು ಪಟ್ಟಕಗಳ, ಅಂದರೆ ಬೆಳಕನ್ನು ಒಳಮುಖದಲ್ಲಿ ಪ್ರತಿಫಲಿಸಿ ತಿರುಗಿಸುವ ಗಾಜಿನ ಮುಕ್ಕೋನ ಗಟ್ಟಿಗಳ, ನೆರವಿನಿಂದ ನೆಟ್ಟಗೆ ಮಾಡುವ ಉಪಾಯಕ್ಕೆ ಇಟಲಿಯ ಇಗ್ನಾಟ್ಸಿಯೊ ಪೊರ್ರೊ 1854ರಲ್ಲಿಯೇ ಪೇಟೆಂಟು ಪಡೆದಿದ್ದನು. ಉಪಾಯ ಸರಿಯಾಗಿತ್ತು, ಗಾಜು ಸರಿಯಿರಲಿಲ್ಲ: ಪಟ್ಟಕದ ದಪ್ಪ ಗಾಜಿನೊಳಗೆ ಬೆಳಕು ಬಹುದೂರ ಸಾಗಬೇಕಾದ್ದರಿಂದ, ಆಗಿನ ಗಾಜಿನ ಮಸುಕು ಮತ್ತು ಎಳೆಗಳು ಬಿಂಬವನ್ನು ಕೆಡಿಸುತ್ತಿದ್ದವು.

ಯೇನಾ ನಗರದಲ್ಲಿ ಕಾರ್ಲ್ ಝೈಸ್ 1846ರಲ್ಲಿ ತೆರೆದ ಕಾರ್ಯಾಗಾರಕ್ಕೆ 1866ರಲ್ಲಿ ಸೇರಿದ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ, ಪೊರ್ರೊನ ಕೆಲಸವನ್ನು ತಿಳಿಯದೆಯೇ ಅದೇ ಪಟ್ಟಕಜೋಡಣೆಯನ್ನು 1870ರ ದಶಕದ ಆರಂಭದಲ್ಲಿ ಮತ್ತೆ ಕಂಡುಕೊಂಡನು. ಆದರೆ ಆ ಉಪಾಯ ಕಾರ್ಖಾನೆಯ ಸರಕಾಗುವುದಕ್ಕೆ ಒಟ್ಟೊ ಶೊಟ್ 1884ರಲ್ಲಿ ಯೇನಾದಲ್ಲಿ ಗಾಜಿನ ಕುಲುಮೆಯನ್ನು ಸ್ಥಾಪಿಸಿ, ನಿರ್ದಿಷ್ಟ ಗುಣದ ನಿರ್ಮಲ ಗಾಜನ್ನು ತಯಾರಿಸುವವರೆಗೆ ಕಾಯಬೇಕಾಯಿತು. 1893ರಲ್ಲಿ ಅಬ್ಬೆ ಪೇಟೆಂಟಿಗೆ ಅರ್ಜಿ ಹಾಕಿದಾಗ, ಪಟ್ಟಕಜೋಡಣೆ ಪೊರ್ರೊನದೆಂಬ ಕಾರಣಕ್ಕೆ ಅದರ ಮೇಲಿನ ಹಕ್ಕು ದೊರೆಯಲಿಲ್ಲ. ದೊರೆತದ್ದು ಇನ್ನೊಂದು ಅಂಶದ ಮೇಲೆ. ವಸ್ತುಮಸೂರಗಳನ್ನು, ಅಂದರೆ ದೃಶ್ಯದ ಕಡೆಗಿರುವ ದೊಡ್ಡ ಮಸೂರಗಳನ್ನು, ಕಣ್ಣುಗಳ ನಡುವಿನ ಅಂತರಕ್ಕಿಂತ ದೂರ ದೂರ ಇರಿಸಿದರೆ ಆಳದ ಅರಿವು ಹೆಚ್ಚುತ್ತದೆ. ಈ ಅಗಲ ಅಂತರದ ಜೋಡಿ ದುರ್ಬೀನು ಝೈಸ್ ಸಂಸ್ಥೆಯ ಸೊತ್ತಾಯಿತು. 1894ರಲ್ಲಿ ನಾಲ್ಕು, ಆರು ಮತ್ತು ಎಂಟು ಪಟ್ಟು ವರ್ಧನೆಯ ಮೂರು ಮಾದರಿಗಳು ಮಾರುಕಟ್ಟೆಗೆ ಬಂದವು.

ಸಂಗ್ರಾಹಕನಿಗೆ ಈ ಪೇಟೆಂಟಿನಿಂದ ಬಹಳ ಪ್ರಯೋಜನವಿದೆ. 1908ರಲ್ಲಿ ಅದರ ಅವಧಿ ಮುಗಿಯುವವರೆಗೆ ಬೇರೆ ಕಾರ್ಖಾನೆಗಳು ವಸ್ತುಮಸೂರಗಳನ್ನು ಅಗಲವಾಗಿ ಇರಿಸುವಂತಿರಲಿಲ್ಲ. ಬರ್ಲಿನ್ನಿನ ಫ್ರೀಡೆನೌ ಭಾಗದಲ್ಲಿದ್ದ ಸಿ. ಪಿ. ಗ್ಯೋರ್ಟ್ಸ್ ಸಂಸ್ಥೆ ತನ್ನ ಹೆಸರಾಂತ ಟ್ರೀಡರ್ ದುರ್ಬೀನಿನಲ್ಲಿ ಪಟ್ಟಕಗಳನ್ನು ಬಳಸಿಯೂ ಮಸೂರಗಳನ್ನು ಕಣ್ಣಳತೆಯ ಅಂತರದೊಳಗೇ ಉಳಿಸಿಕೊಂಡದ್ದು ಅದಕ್ಕಾಗಿ. ವೆಟ್ಸ್‌ಲಾರ್ ನಗರದ ಹೆನ್ಸೋಲ್ಟ್ ಸಂಸ್ಥೆ ಬೇರೆಯೇ ದಾರಿ ಹಿಡಿದು, 1897ರಲ್ಲಿ ಮನೆಯ ಮಾಡಿನಾಕಾರದ ಅಂಚುಳ್ಳ ಪಟ್ಟಕವನ್ನು ಬಳಸಿದ ದುರ್ಬೀನನ್ನೂ 1905ರಿಂದ ಡಯಾಲಿಟ್ ಎಂಬ ಹೆಸರಿನ ನೆಟ್ಟನೆಯ ಕೊಳವೆಯ ಮಾದರಿಯನ್ನೂ ತಂದಿತು. ಹೀಗಾಗಿ ಝೈಸ್ ಅಲ್ಲದ ಕಾರ್ಖಾನೆಯ ಪಟ್ಟಕದ ದುರ್ಬೀನೊಂದರಲ್ಲಿ ಮುಂದಿನ ಮಸೂರಗಳು ಒತ್ತೊತ್ತಾಗಿದ್ದರೆ ಅದು 1908ಕ್ಕಿಂತ ಮುಂಚಿನದಾಗಿರುವ ಸಾಧ್ಯತೆ ಬಲವಾಗಿದೆ. ಅದೇ ಕಾರ್ಖಾನೆಯ ಅಗಲಭುಜದ ಮಾದರಿ ನಂತರದ್ದು. ಅಕ್ಷರವೊಂದನ್ನೂ ಓದದೆ, ತೋಳಳತೆಯ ದೂರದಿಂದಲೇ ಹೇಳಬಹುದಾದ ಕಾಲಸೂಚನೆ ಇದು. ಚಿಕ್ಕ ನಾಟಕಶಾಲೆಯ ದುರ್ಬೀನುಗಳು ಮತ್ತು ಉದ್ದೇಶಪೂರ್ವಕವಾಗಿ ಸಣ್ಣದಾಗಿ ಮಾಡಿದ ಜೇಬಿನ ಮಾದರಿಗಳು ಮಾತ್ರ ಈ ನಿಯಮಕ್ಕೆ ಹೊರಗು.

ಕೆತ್ತನೆಯತ್ತ ಬಂದರೆ, ಮೊದಲು ನೋಡಬೇಕಾದದ್ದು ಅಳತೆಯನ್ನು ಬರೆದ ರೀತಿ. ಆರಂಭದ ಝೈಸ್ ದುರ್ಬೀನುಗಳ ಮೇಲೆ ವರ್ಧನೆ ಎಂಬರ್ಥದ ಜರ್ಮನ್ ಪದದ ಸಂಕ್ಷಿಪ್ತ ರೂಪವನ್ನೂ ಅದರ ಮುಂದೆ ಸಮ ಚಿಹ್ನೆಯೊಡನೆ 6 ಅಥವಾ 8 ಎಂಬ ಒಂದೇ ಅಂಕಿಯನ್ನೂ ಕಾಣಬಹುದು; ವಸ್ತುಮಸೂರದ ವ್ಯಾಸವನ್ನು ಹೇಳುವ ಅಗತ್ಯ ಆಗಿನ್ನೂ ಯಾರಿಗೂ ಕಂಡಿರಲಿಲ್ಲ. ಮಾದರಿಗಳು ಹೆಚ್ಚಿ, ಒಂದೇ ವರ್ಧನೆಯ ದುರ್ಬೀನುಗಳು ಬೇರೆ ಬೇರೆ ವ್ಯಾಸದಲ್ಲಿ ಬರತೊಡಗಿದ ಮೇಲೆ 8×30, 7×50 ಎಂಬ ಜೋಡಿ ಅಂಕಿ ರೂಢಿಗೆ ಬಂತು. ಇದರಲ್ಲಿ ಮೊದಲನೆಯದು ವರ್ಧನೆ, ಎರಡನೆಯದು ಮಿಲಿಮೀಟರಿನಲ್ಲಿ ವ್ಯಾಸ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲಪುವ ಬೆಳಕಿನ ಕಂಬಿಯ ಅಗಲ ಸಿಗುತ್ತದೆ. 8×20ರ ಹಳೆಯ ಮಾದರಿಯಲ್ಲಿ ಅದು ಎರಡೂವರೆ ಮಿಲಿಮೀಟರ್, ಝೈಸ್ 1910ರಲ್ಲಿ ತಂದ 7×50ರ ಬಿನೊಕ್ಟಾರ್‌ನಲ್ಲಿ ಏಳಕ್ಕಿಂತ ಸ್ವಲ್ಪ ಹೆಚ್ಚು. ಕತ್ತಲೆಯಲ್ಲಿ ಅರಳಿದ ಕಣ್ಣಿನ ಪಾಪೆಯ ಅಳತೆಗೆ ಸರಿಹೊಂದುವ ಈ ಮಾದರಿಯನ್ನು ನಾವಿಕರೂ ಬೇಟೆಗಾರರೂ ಬಹುಬೇಗ ಒಪ್ಪಿಕೊಂಡರು.

ಸಂಸ್ಥೆಯ ಮುದ್ರೆಯೂ ಕಾಲವನ್ನು ಹೇಳುತ್ತದೆ. ಝೈಸ್ ಹೆಸರು ಮೊದಲ ದಶಕದಲ್ಲಿ ಬಿಡಿ ಅಕ್ಷರಗಳಲ್ಲಿ ಮಾತ್ರ ಇರುತ್ತಿತ್ತು. ಜೋಡಿಮಸೂರದ ಅಡ್ಡಸೀಳಿನ ಆಕಾರದ ಚೌಕಟ್ಟಿನೊಳಗೆ ಹೆಸರು ಮತ್ತು ಊರನ್ನು ಬರೆಯುವ ಪ್ರಸಿದ್ಧ ಲಾಂಛನ 1904ರಲ್ಲಿ ಬಂದದ್ದು. ಡಿ.ಆರ್.ಪಿ. ಎಂಬ ಅಕ್ಷರಗಳು ಜರ್ಮನ್ ಸಾಮ್ರಾಜ್ಯದ ಪೇಟೆಂಟನ್ನೂ ಡಿ.ಆರ್.ಜಿ.ಎಂ. ಎಂಬವು 1891ರಿಂದ ಜಾರಿಗೆ ಬಂದ ಕಿರು ಪೇಟೆಂಟಿನ ನೋಂದಣಿಯನ್ನೂ ಸೂಚಿಸುತ್ತವೆ. ಎರಡೂ 1945ಕ್ಕೆ ಮುಂಚಿನ ವ್ಯವಸ್ಥೆಯವು. ಪಶ್ಚಿಮ ಜರ್ಮನಿಯ ಪೇಟೆಂಟಿಗೆ ಡಿ.ಬಿ.ಪಿ. ಎಂಬ ಗುರುತು ಬಂದದ್ದು ಗಣರಾಜ್ಯ ಸ್ಥಾಪನೆಯಾದ ಬಳಿಕ. ಇಂಗ್ಲಿಷಿನಲ್ಲಿ ಕೆತ್ತಿದ ‘ಮೇಡ್ ಇನ್ ಜರ್ಮನಿ’ ಎಂಬ ಮಾತು ರಫ್ತಿನ ಸರಕಿನದು. ಬ್ರಿಟನ್ನು 1887ರಲ್ಲಿ ವಿದೇಶೀ ಸರಕಿಗೆ ಮೂಲದೇಶದ ಹೆಸರನ್ನು ಕಡ್ಡಾಯ ಮಾಡಿದ ಕಾಯಿದೆಯ ಫಲ ಅದು. ಇವುಗಳಿಗೆ ಹೋಲಿಸಿದರೆ ಅಂಗಡಿಕಾರರ ಹೆಸರು ದಾರಿ ತಪ್ಪಿಸುವುದೇ ಹೆಚ್ಚು. ಲಂಡನ್ನಿನದೋ ಪ್ಯಾರಿಸ್ಸಿನದೋ ಕನ್ನಡಕದ ವ್ಯಾಪಾರಿ ತನ್ನ ಹೆಸರನ್ನು ತಯಾರಕನ ಹೆಸರಿನಷ್ಟೇ ದೊಡ್ಡದಾಗಿ ಕೆತ್ತಿಸಿಕೊಂಡಿರುವಾಗ, ಮಾರಿದವನನ್ನು ಮಾಡಿದವನೆಂದು ತಿಳಿಯುವ ತಪ್ಪು ಇಂದಿಗೂ ಹರಾಜಿನ ಪಟ್ಟಿಗಳಲ್ಲಿ ಕಾಣಸಿಗುತ್ತದೆ.

ಮೊದಲ ಮಹಾಯುದ್ಧಕ್ಕೆ ಹೊಂದಿಕೊಂಡಂತೆ ಬರುವ ಹೆಸರು ಫೆರ್ನ್‌ಗ್ಲಾಸ್ 08. ಜರ್ಮನ್ ಸೇನೆ ಅಂಗೀಕರಿಸಿದ 6×39ರ ಈ ದುರ್ಬೀನಿನಲ್ಲಿ 08 ಎಂಬುದು ಅಂಗೀಕಾರದ ವರ್ಷವಾದ 1908ನ್ನು ಸೂಚಿಸುತ್ತದೆಯೇ ಹೊರತು ಆ ಪ್ರತಿ ತಯಾರಾದ ವರ್ಷವನ್ನಲ್ಲ. ಹೊಸಬರು ಎಡವುವ ಮೊದಲ ಜಾಗವೇ ಇದು. ಗ್ಯೋರ್ಟ್ಸ್, ರಾಟೆನೋ ಪಟ್ಟಣದ ಎಮಿಲ್ ಬುಶ್, ಬ್ರೌನ್‌ಶ್ವೈಗ್‌ನಲ್ಲಿ ನೆಲೆಸಿದ್ದ ಫೋಗ್ಟ್‌ಲೆಂಡರ್ ಮುಂತಾದ ಅನೇಕ ಕಾರ್ಖಾನೆಗಳು ಅದನ್ನು ಒಂದೇ ನಮೂನೆಯಲ್ಲಿ ತಯಾರಿಸಿದ್ದರಿಂದ, ತಯಾರಕನ ಹೆಸರು ಮಾತ್ರ ಒಂದನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಎದುರು ಪಾಳೆಯದಲ್ಲಿ ಇದ್ದ ಕೊರತೆಯೂ ಇದೇ ದುರ್ಬೀನುಗಳ ಮೇಲೆ ತನ್ನ ಗುರುತು ಬಿಟ್ಟಿದೆ. ದೃಶ್ಯಗಾಜಿಗಾಗಿ ಬಹುಮಟ್ಟಿಗೆ ಜರ್ಮನಿಯನ್ನೇ ನಂಬಿದ್ದ ಬ್ರಿಟನ್ನಿನಲ್ಲಿ ಯುದ್ಧ ಆರಂಭವಾದೊಡನೆ ಲೇಡಿ ರಾಬರ್ಟ್ಸ್ ಹೆಸರಿನ ನಿಧಿಯೊಂದು ಜನರ ಮನೆಗಳಿಂದ ದುರ್ಬೀನುಗಳನ್ನು ಸೇನೆಗೆಂದು ಕೂಡಿಸಿತು. ಅಮೆರಿಕ ಯುದ್ಧಕ್ಕಿಳಿದ ಮೇಲೆ ನೌಕಾ ಖಾತೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ನೌಕಾಪಡೆಗೆ ಕಣ್ಣು ಕೊಡಿರೆಂದು ನಾಗರಿಕರಿಗೆ ಕರೆಕೊಟ್ಟಾಗ ಐವತ್ತು ಸಾವಿರಕ್ಕೂ ಹೆಚ್ಚು ಉಪಕರಣಗಳು ಬಂದು ಬಿದ್ದವು. ಶತ್ರುವಿನ ಕಾರ್ಖಾನೆಯಲ್ಲೇ ತಯಾರಾದ ಕಣ್ಣುಗಳಿಂದ ಶತ್ರುವನ್ನು ನೋಡಬೇಕಾದ ವಿಪರ್ಯಾಸ ಅದು. ಯೇನಾದ ದುರ್ಬೀನಿನ ಮೇಲೆ ಬ್ರಿಟಿಷ್ ಸರಕಾರದ ಸೊತ್ತನ್ನು ಸೂಚಿಸುವ ಅಗಲ ಬಾಣದ ಗುರುತು ಇದ್ದರೆ, ಅಥವಾ ಕಾರ್ಖಾನೆಯ ಅಚ್ಚಿಗೆ ಹೊಂದದ ಇನ್ನೊಂದು ಸಂಖ್ಯೆ ಇದ್ದರೆ, ಅದು ಬಳಕೆಯ ಚರಿತ್ರೆಗೆ ಸೇರಿದ್ದು. ತಯಾರಿಕೆಯ ಕಾಲಕ್ಕೂ ಅದಕ್ಕೂ ಸಂಬಂಧವಿಲ್ಲ.

ವರ್ಸೇಲ್ಸ್ ಒಪ್ಪಂದ ಜರ್ಮನ್ ಸೇನೆಯನ್ನು ಒಂದು ಲಕ್ಷ ಜನಕ್ಕೆ ಇಳಿಸಿದ ಮೇಲೆ ಕಾರ್ಖಾನೆಗಳು ಪ್ರವಾಸಿಗಳು, ಬೇಟೆಗಾರರು, ಪಕ್ಷಿವೀಕ್ಷಕರು, ಕ್ರೀಡಾಪ್ರೇಮಿಗಳ ಕಡೆಗೆ ತಿರುಗಿದವು. 1920ರಲ್ಲಿ ಬಂದ ಝೈಸ್ ಡೆಲ್ಟ್ರಿಂಟೆಮ್ 8×30 ಈ ಹೊಸ ಕಾಲದ ಪ್ರತಿನಿಧಿ. ಸಾವಿರ ಮೀಟರ್ ದೂರದಲ್ಲಿ ನೂರೈವತ್ತು ಮೀಟರ್ ಅಗಲದ ನೋಟವನ್ನು ಕೊಡುತ್ತಿದ್ದ ಈ ಮಾದರಿ, ಹಲವು ಬದಲಾವಣೆಗಳೊಡನೆ, ದಶಕಗಳ ಕಾಲ ತಯಾರಾಯಿತು. ಝೈಸ್ ಮಾದರಿಗಳ ಹೆಸರಿನ ಕೊನೆಯಲ್ಲಿ ಒಂದು ಸೂತ್ರವಿದೆ. ‘ಎಮ್’ ಎಂಬ ಅಂತ್ಯವಿರುವ ಡೆಲ್ಟ್ರಿಂಟೆಮ್, ಬಿನೊಕ್ಟೆಮ್, ಡೆಕಾರೆಮ್‌ಗಳಲ್ಲಿ ಎರಡು ಕೊಳವೆಗಳ ನಡುವಿನ ಒಂದೇ ಚಕ್ರವನ್ನು ತಿರುಗಿಸಿ ಎರಡೂ ಕಣ್ಣುಗಳ ಸ್ಪಷ್ಟತೆಯನ್ನು ಹೊಂದಿಸಬಹುದು. ಅವುಗಳ ಜೊತೆಗಾರರಾದ ಡೆಲ್ಟ್ರೆಂಟಿಸ್, ಬಿನೊಕ್ಟಾರ್, ಡೆಕಾರ್‌ಗಳಲ್ಲಿ ಪ್ರತಿಯೊಂದು ಕಣ್ಣಿನ ಮಸೂರವನ್ನೂ ಬೇರೆ ಬೇರೆಯಾಗಿ ತಿರುಗಿಸಬೇಕು. ಹೆಸರು ಒಂದು, ಯಂತ್ರ ಇನ್ನೊಂದು ಆಗಿದ್ದರೆ ಹೆಸರು ಕೆತ್ತಿದ ಮುಚ್ಚಳಿಕೆ ಬದಲಾಗಿದೆಯೆಂದೇ ಅರ್ಥ. ಇದೇ ಕಾಲದಲ್ಲಿ ಸಂಸ್ಥೆಗಳ ವಿಲೀನವೂ ನಡೆಯಿತು: 1926ರಲ್ಲಿ ಗ್ಯೋರ್ಟ್ಸ್ ಇತರ ಮೂರು ಕ್ಯಾಮೆರಾ ಸಂಸ್ಥೆಗಳೊಡನೆ ಸೇರಿ ಝೈಸ್ ಇಕಾನ್ ಆಯಿತು, 1928ರಲ್ಲಿ ಹೆನ್ಸೋಲ್ಟ್ ಝೈಸ್ ಹಿಡಿತಕ್ಕೆ ಬಂತು. ಆದ್ದರಿಂದ ಬರ್ಲಿನ್ ಊರಿನ ಹೆಸರುಳ್ಳ ಗ್ಯೋರ್ಟ್ಸ್ ದುರ್ಬೀನನ್ನು 1930ರ ದಶಕದ್ದೆಂದು ಮಾರುವವರ ಮಾತನ್ನು ಸಂದೇಹದಿಂದಲೇ ಕೇಳಬೇಕು.

ಎರಡನೆಯ ಮಹಾಯುದ್ಧದ ದುರ್ಬೀನುಗಳಲ್ಲಿ ತಯಾರಕನ ಹೆಸರೇ ಮಾಯವಾಗುತ್ತದೆ. ಕಾರ್ಖಾನೆಗಳು ಎಲ್ಲಿವೆಯೆಂಬುದು ಶತ್ರುವಿಗೆ ತಿಳಿಯದಿರಲೆಂದು ಜರ್ಮನ್ ಸೇನೆಯ ಶಸ್ತ್ರಾಸ್ತ್ರ ಇಲಾಖೆ ಪ್ರತಿ ತಯಾರಕನಿಗೂ ಸಣ್ಣಕ್ಷರಗಳ ಗುಟ್ಟಿನ ಸಂಕೇತವನ್ನು ಕೊಟ್ಟಿತು. ಯುದ್ಧಾನಂತರ ಈ ಪಟ್ಟಿಗಳು ಬೆಳಕಿಗೆ ಬಂದುದರಿಂದ, ಮುಚ್ಚಿಡಲೆಂದು ಮಾಡಿದ ಅಕ್ಷರಗಳೇ ಇಂದು ಅತ್ಯಂತ ಸುಲಭದ ಗುರುತುಗಳಾಗಿವೆ. ಬಿಎಲ್‌ಸಿ ಎಂಬುದು ಯೇನಾದ ಝೈಸ್ ಸಂಸ್ಥೆಯ ಸೇನಾ ವಿಭಾಗ, ಆರ್‌ಎಲ್‌ಎನ್ ಎಂಬುದೂ ಯೇನಾದ ಝೈಸ್. ಬಿಇಎಚ್ ವೆಟ್ಸ್‌ಲಾರ್‌ನ ಲೈಟ್ಸ್, ಬಿಎಂಜೆ ಅದೇ ಊರಿನ ಹೆನ್ಸೋಲ್ಟ್, ಸಿಎಕ್ಸ್‌ಎನ್ ರಾಟೆನೋದ ಬುಶ್, ಡಿಡಿಎಕ್ಸ್ ಫೋಗ್ಟ್‌ಲೆಂಡರ್, ಸಿಎಜಿ ಆಸ್ಟ್ರಿಯದ ಟಿರೋಲ್ ಪ್ರಾಂತದ ಸ್ವರೋವ್‌ಸ್ಕಿ. ಹೆಸರಿನ ಬದಲು ಸಂಕೇತವಿದ್ದರೆ ದುರ್ಬೀನು 1940ರ ದಶಕದ ಮೊದಲರ್ಧದ್ದು. ಸೇನೆಯದೇ ಆಗಿದ್ದೂ ಪೂರ್ಣ ಹೆಸರಿದ್ದರೆ ಅದಕ್ಕಿಂತ ಸ್ವಲ್ಪ ಮುಂಚಿನದು.

ಇಂಥ 6×30ರ ಡೀನ್ಸ್ಟ್‌ಗ್ಲಾಸನ್ನು, ಅಂದರೆ ಸೇವಾ ದುರ್ಬೀನನ್ನು, ಕೈಗೆತ್ತಿಕೊಂಡರೆ ಕಣ್ಣಿನ ಕಡೆಯ ಎರಡು ಲೋಹದ ಮುಚ್ಚಳಿಕೆಗಳ ಮೇಲೆ ಮಾದರಿಯ ಹೆಸರು, ಅಳತೆ, ಸಂಕೇತ, ಕ್ರಮಸಂಖ್ಯೆಗಳು ಹಂಚಿಕೊಂಡಿರುತ್ತವೆ. ಜೊತೆಗೆ ಎಚ್/6400 ಎಂಬ ಬರಹವಿದ್ದರೆ ಒಳಗೆ ಗೆರೆಗಾಜು ಇದೆಯೆಂದು ತಿಳಿಯಬೇಕು: ಪೂರ್ಣ ವೃತ್ತವನ್ನು 6400 ಭಾಗ ಮಾಡಿ, ಒಂದು ಭಾಗವು ಸಾವಿರ ಮೀಟರಿನಲ್ಲಿ ಸರಿಸುಮಾರು ಒಂದು ಮೀಟರನ್ನು ತೋರುವಂತೆ ಗಾಜಿನ ತಟ್ಟೆಯ ಮೇಲೆ ಕೊರೆದ ಅಳತೆಗೆರೆಗಳವು, ಫಿರಂಗಿಯ ಗುರಿಯನ್ನು ತಿದ್ದುವುದಕ್ಕಾಗಿ. ಸಂಖ್ಯೆಯ ಪಕ್ಕದ ಕೂಡುಚಿಹ್ನೆ, ವೃತ್ತ ಅಥವಾ ತ್ರಿಕೋನವು ಕೀಲುಗಳಿಗೆ ಹಾಕಿದ ಕೊಬ್ಬೆಣ್ಣೆಯ ಜಾತಿಯನ್ನು ಹೇಳುತ್ತದೆ. ಪೂರ್ವ ರಣರಂಗದ ಚಳಿಯಲ್ಲಿ ಸಾಧಾರಣ ಗ್ರೀಸು ಗಟ್ಟಿಯಾದರೆ ದುರ್ಬೀನು ತಿರುಗಿಸಲೂ ಬಾರದಂತಾಗುತ್ತಿತ್ತು. ಯುದ್ಧ ಸಾಗಿದಂತೆ ಕಪ್ಪು ಬಣ್ಣದ ಬದಲು ಮರಳುಬಣ್ಣ, ಚರ್ಮದಂಥ ಹೊದಿಕೆಯ ಬದಲು ಬೇಕಲೈಟ್ ಕಾಣತೊಡಗುತ್ತವೆ. ನೌಕಾಪಡೆಯ 7×50ಗಳ ಮೇಲೆ ಹದ್ದಿನ ಕೆಳಗೆ ಎಂ ಅಕ್ಷರದ ಮುದ್ರೆ ಇರುತ್ತದೆ. ಇಂದು ಅತಿ ಹೆಚ್ಚು ನಕಲಾಗುವ ಮುದ್ರೆಯೂ ಅದೇ. ಹಳೆಯ ಬಣ್ಣ ಸವೆದ ಜಾಗದಲ್ಲಿ ಹದ್ದಿನ ಗೆರೆಗಳು ಮಾತ್ರ ಹರಿತವಾಗಿ ಹೊಳೆಯುತ್ತಿದ್ದರೆ ಬೆಲೆ ಏರಿಸಲು ಯಾರೋ ಇತ್ತೀಚೆಗೆ ಕೊರೆದದ್ದೆಂದು ಶಂಕಿಸಲು ಕಾರಣವಿದೆ.

ಇದೇ ಅವಧಿಯಲ್ಲಿ ಗಾಜಿನ ಮೈಗೆ ಬಂದ ಬದಲಾವಣೆ ಕಾಲನಿರ್ಣಯಕ್ಕೆ ಎಲ್ಲ ಕೆತ್ತನೆಗಳಿಗಿಂತ ಮುಖ್ಯ. ಗಾಳಿಗೆ ತೆರೆದ ಗಾಜಿನ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಪಟ್ಟಕದ ದುರ್ಬೀನಿನ ಒಂದು ಕೊಳವೆಯಲ್ಲಿ ಇಂಥ ಹತ್ತು ಮೈಗಳಿರುವುದರಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗುತ್ತದೆ. ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಪೇಟೆಂಟು ಪಡೆದ ತೆಳು ಲೇಪನವು ಈ ನಷ್ಟವನ್ನು ಬಹುವಾಗಿ ತಗ್ಗಿಸಿತು. ಯುದ್ಧಕಾಲದಲ್ಲಿ ಸೇನೆಯ ಗುಟ್ಟಾಗಿದ್ದ ಈ ತಂತ್ರವನ್ನು ಯುದ್ಧಾನಂತರ ಟಿ ಎಂಬ ಅಕ್ಷರದಿಂದ ಎಲ್ಲರಿಗೂ ಕಾಣುವಂತೆ ಸಾರಲಾಯಿತು. ಪರೀಕ್ಷೆ ಸರಳವಾದುದು: ದೀಪದ ಕೆಳಗೆ ವಸ್ತುಮಸೂರವನ್ನು ಓರೆಯಾಗಿ ಹಿಡಿದಾಗ ಪ್ರತಿಬಿಂಬಗಳು ಬಿಳಿಯಾಗಿದ್ದರೆ ಲೇಪನವಿಲ್ಲ, ನೀಲಿ ನೇರಳೆಯಾಗಿದ್ದರೆ ಒಂದು ಪದರದ ಲೇಪನ, ಹಸಿರು, ಕೆಂಪು ಮುಂತಾದ ಬಣ್ಣಗಳು ಬೆರೆತಿದ್ದರೆ 1970ರ ದಶಕದ ಕೊನೆಯಿಂದೀಚೆಗೆ ದುರ್ಬೀನುಗಳಿಗೆ ಬಂದ ಬಹುಪದರ ಲೇಪನ. ಪಶ್ಚಿಮದ ಝೈಸ್ 1979ರಲ್ಲಿ ತನ್ನ ದುರ್ಬೀನುಗಳಿಗೆ ಅಂಥ ಲೇಪನ ಕೊಟ್ಟು ಟಿ ಅಕ್ಷರದ ಪಕ್ಕ ನಕ್ಷತ್ರವನ್ನು ಸೇರಿಸಿತು. ಕರಾವಳಿ, ಮಲೆನಾಡಿನಂಥ ಮಳೆನಾಡುಗಳಲ್ಲಿ ಉಳಿದ ಪ್ರತಿಗಳಲ್ಲಿ ಬೂಷ್ಟು ಈ ಲೇಪನವನ್ನೇ ಕೊರೆದುಹಾಕಿರುವುದರಿಂದ ಪರೀಕ್ಷೆಯನ್ನು ಮಸೂರದ ಅಂಚಿನವರೆಗೂ ನಡೆಸಬೇಕು.

1945ರ ಏಪ್ರಿಲ್‌ನಲ್ಲಿ ಯೇನಾವನ್ನು ಹಿಡಿದ ಅಮೆರಿಕದ ಸೇನೆ, ಒಪ್ಪಂದದಂತೆ ಜುಲೈಯಲ್ಲಿ ಊರನ್ನು ಸೋವಿಯತ್ ಪಡೆಗೆ ಬಿಟ್ಟುಕೊಡುವ ಮುನ್ನ ಝೈಸ್ ಮತ್ತು ಶೊಟ್ ಸಂಸ್ಥೆಗಳ ನೂರಕ್ಕೂ ಹೆಚ್ಚು ಪ್ರಮುಖರನ್ನು ಪಶ್ಚಿಮಕ್ಕೆ ಸಾಗಿಸಿತು; ಅವರಿಂದ 1946ರಲ್ಲಿ ಓಬರ್‌ಕೋಹೆನ್ ಎಂಬ ಸಣ್ಣ ಊರಿನಲ್ಲಿ ಆಪ್ಟಾನ್ ಸಂಸ್ಥೆ ಹುಟ್ಟಿ, ಝೈಸ್ ಆಪ್ಟಾನ್ ಆಗಿ, ಮುಂದೆ ಕಾರ್ಲ್ ಝೈಸ್ ಎಂಬ ಹಳೆಯ ಹೆಸರನ್ನೇ ತನ್ನದೆಂದಿತು. ಯೇನಾದಲ್ಲಿ ಉಳಿದ ಕಾರ್ಖಾನೆಯ ಬಹುಪಾಲು ಯಂತ್ರಗಳನ್ನು ಸೋವಿಯತ್ ಅಧಿಕಾರಿಗಳು ಯುದ್ಧಪರಿಹಾರವೆಂದು ಕಿತ್ತೊಯ್ದರು, 1946ರ ಅಕ್ಟೋಬರಿನಲ್ಲಿ ತಜ್ಞರನ್ನೂ ಕರೆದೊಯ್ದರು. ಆದರೂ ಅಲ್ಲಿ ಕೆಲಸ ಮತ್ತೆ ಮೊದಲಾಗಿ, 1948ರಲ್ಲಿ ಅದು ಸರಕಾರಿ ಉದ್ಯಮವಾಯಿತು. ಒಂದೇ ಹೆಸರಿನ ಎರಡು ಸಂಸ್ಥೆಗಳ ನಡುವಿನ ವ್ಯಾಜ್ಯ 1971ರ ಲಂಡನ್ ಒಪ್ಪಂದದವರೆಗೆ ಹಲವು ದೇಶಗಳ ನ್ಯಾಯಾಲಯಗಳಲ್ಲಿ ನಡೆಯಿತು. ಹೀಗಾಗಿ ಪೂರ್ವದ ದುರ್ಬೀನುಗಳು ಕೆಲವೆಡೆ ಕಾರ್ಲ್ ಝೈಸ್ ಯೇನಾ ಎಂದೂ ಪಶ್ಚಿಮ ಜರ್ಮನಿಯಂಥ ಮಾರುಕಟ್ಟೆಗಳಲ್ಲಿ ‘ಔಸ್ ಯೇನಾ’, ಅಂದರೆ ಯೇನಾದಿಂದ, ಎಂದಷ್ಟೂ ಹೇಳಿಕೊಂಡವು. ಜೆನಾಪ್ಟೆಮ್ ಎಂಬ ಮಾದರಿಯ ಹೆಸರು, ಡಿಡಿಆರ್ ಎಂಬ ಪೂರ್ವ ಜರ್ಮನಿಯ ಹೆಸರಿನ ಅಕ್ಷರಗಳು ಇದ್ದಲ್ಲಿ ಕಾಲದ ಬಗೆಗೆ ತಕರಾರಿಲ್ಲ. ಪಶ್ಚಿಮದ ಝೈಸ್ ದುರ್ಬೀನುಗಳ ತಯಾರಿಕೆ 1960ರ ದಶಕದಿಂದ ವೆಟ್ಸ್‌ಲಾರ್‌ನ ಹೆನ್ಸೋಲ್ಟ್ ಕಾರ್ಖಾನೆಗೆ ಸೇರಿತು; ಅದೇ ಊರಿನ ಲೈಟ್ಸ್ 1958ರಲ್ಲಿ ಟ್ರಿನೊವಿಡ್ ತಂದು ಸಪೂರ ನೇರಕೊಳವೆಯ ಮಾದರಿಗೆ ಮತ್ತೆ ಬೆಲೆ ತಂದಿತ್ತು.

ಯೇನಾದ ಹಳೆಯ 8×30ರ ಮೈಕಟ್ಟನ್ನೇ ಹೋಲುವ ದುರ್ಬೀನುಗಳು ಸೋವಿಯತ್ ಒಕ್ಕೂಟದಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾದವು. ಅವು ತಮ್ಮಷ್ಟಕ್ಕೆ ಒಳ್ಳೆಯ ಉಪಕರಣಗಳೇ. ಕಜಾನ್ ನಗರದ ಕಾರ್ಖಾನೆಯ ಮುದ್ರೆಯನ್ನು ಉಜ್ಜಿ ಅಳಿಸಿ ಯೇನಾದ ಲಾಂಛನವನ್ನು ಕೆತ್ತಿದ ಮಾರಾಟಗಾರರದೇ ತಪ್ಪು. ಇಂಥಲ್ಲಿ ಮುಚ್ಚಳಿಕೆಯ ಬಣ್ಣ ಉಳಿದ ಭಾಗಕ್ಕಿಂತ ಹೊಸದಾಗಿದೆಯೇ, ಕ್ರಮಸಂಖ್ಯೆಯ ಅಂಕಿಗಳ ಆಕಾರ ಅದೇ ಕಾರ್ಖಾನೆಯ ಇತರ ಪ್ರತಿಗಳಿಗೆ ಹೊಂದುತ್ತದೆಯೇ, ಲೇಪನದ ಬಣ್ಣ ಕೆತ್ತನೆ ಸಾರುವ ಕಾಲಕ್ಕೆ ಒಪ್ಪುತ್ತದೆಯೇ ಎಂಬುದನ್ನು ನೋಡಬೇಕು. 1904ರ ಲಾಂಛನ, 1908ಕ್ಕಿಂತ ನಂತರದ ಭುಜ, ಒಂದೇ ಅಂಕಿಯ ಅಳತೆ, ನೀಲಿ ಲೇಪನ ಇವು ಒಂದೇ ದುರ್ಬೀನಿನಲ್ಲಿ ಕೂಡಿ ಬಂದರೆ ಅದು ಖೋಟಾ ಆಗಿರಲೇಬೇಕೆಂದಿಲ್ಲ. ಫೆರ್ನ್‌ಗ್ಲಾಸ್ 08ರಂಥವು ಎರಡು ಯುದ್ಧ ಕಂಡು, ನಡುವೆ ದುರಸ್ತಿಗೆ ಹೋಗಿ, ಹೊಸ ಮಸೂರ ಪಡೆದು ಬಂದಿರುವುದುಂಟು. ಅಂಥ ಪ್ರತಿಗಳಿಗೆ ಎಚ್ಚರದ ಸಂಗ್ರಾಹಕರು ಒಂದೇ ವರ್ಷವನ್ನು ಹಚ್ಚುವುದಿಲ್ಲ. ಮೈಗೆ ಒಂದು ಕಾಲ, ಗಾಜಿಗೆ ಇನ್ನೊಂದು ಕಾಲ ಎಂದು ಎರಡನ್ನೂ ಪ್ರತ್ಯೇಕವಾಗಿ ಬರೆದಿಡುತ್ತಾರೆ.